ಮೆಟ್ನರ್ ಬೆರಳು, ಮೈಸೂರಿನ ದುಡ್ಡು

ಮೈಸೂರು, ಭಾನುವಾರ, 16 ಜೂನ್ 2024

ಬೆಳಗಿನಿಂದ ಒಂದೇ ರೆಕಾರ್ಡಿಂಗನ್ನು ಮೂರು ಸಲ ಕೇಳಿದೆ. ರಷ್ಯಾದ ಸಂಗೀತ ರಚನೆಕಾರ ನಿಕೊಲಾಯ್ ಮೆಟ್ನರ್ ಬರೆದ ಮೂರನೇ ಪಿಯಾನೊ ಕನ್ಚೆರ್ಟೊ, ಅಂದರೆ ಪಿಯಾನೊ ಮುಂದಿದ್ದು ಆರ್ಕೆಸ್ಟ್ರಾ ಜೊತೆಗೂಡುವ ಕೃತಿ. ನುಡಿಸಿದ್ದೂ ಅವರೇ, 1947ರಲ್ಲಿ, ಲಂಡನ್ನಿನಲ್ಲಿ. ಜೊತೆಗೆ ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾ, ಆ ಆರ್ಕೆಸ್ಟ್ರಾವನ್ನು ನಡೆಸಿದ ಕಂಡಕ್ಟರ್ ಇಸ್ಸಾಯ್ ಡೊಬ್ರೊವೆನ್. ಈ ಕೃತಿ ಯಾರಿಗೆ ಅರ್ಪಣೆ ಗೊತ್ತಾ? ನಮ್ಮ ಜಯಚಾಮರಾಜೇಂದ್ರ ಒಡೆಯರ್ ಅವರಿಗೆ!

ಅಮ್ಮ ಮಹಾರಾಜರ ಕೃತಿಗಳನ್ನು ಹಾಡುತ್ತಾರೆ, ಹಾಗಾಗಿ ಮಹಾರಾಜರು ವಾಗ್ಗೇಯಕಾರರು ಅನ್ನುವುದು ಚಿಕ್ಕಂದಿನಿಂದ ಗೊತ್ತು. ಆದರೆ ಪಿಯಾನೊ ಕಲಿತು ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಶಿಯೇಟ್ ಅನ್ನುವ ಪದವಿ ಪಡೆದವರು, ಒಬ್ಬ ರಷ್ಯನ್ ಮುದುಕರ ಸಂಗೀತ ಉಳಿಯಲಿ ಅಂತ ದುಡ್ಡು ಕೊಟ್ಟವರು ಅನ್ನುವುದನ್ನು ನನಗೆ ಯಾರೂ ಹೇಳಿರಲಿಲ್ಲ.

ಮೆಟ್ನರ್ 1921ರಲ್ಲಿ ರಷ್ಯಾ ಬಿಟ್ಟವರು, ಕೊನೆಗೆ ಲಂಡನ್ನಿನಲ್ಲಿ ನೆಲೆ ನಿಂತರು. ಎರಡನೇ ಮಹಾಯುದ್ಧ ಶುರುವಾದ ಮೇಲೆ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ದುಡ್ಡೂ ನಿಂತುಹೋಯಿತು, 1942ರಲ್ಲಿ ಹೃದಯಾಘಾತ ಬೇರೆ. ಯುದ್ಧ ಮುಗಿದ ಮೇಲೆ ಮಹಾರಾಜರು ಮೆಟ್ನರ್ ಸೊಸೈಟಿ ಕಟ್ಟಿಸಿ ಎಚ್‌ಎಂವಿ ರೆಕಾರ್ಡ್ ಕಂಪನಿಯಲ್ಲಿ ರೆಕಾರ್ಡ್ ಮಾಡಿಸಿದರು. ಮೂರೂ ಕನ್ಚೆರ್ಟೊ, ಸೊನಾಟಾಗಳು (ಒಬ್ಬಿಬ್ಬರೇ ನುಡಿಸುವ ದೊಡ್ಡ ಕೃತಿಗಳು), ಹಾಡುಗಳು. ಮಹಾರಾಜರಿಗೆ ಆಗ ಇನ್ನೂ ಮೂವತ್ತು ತುಂಬಿರಲಿಲ್ಲ.

ನನ್ನನ್ನು ಹಿಡಿದಿಟ್ಟದ್ದು ಇದು. ಆಗಿನ ಗ್ರಾಮಫೋನ್ ಪ್ಲೇಟಿನ ಒಂದು ಮುಖದಲ್ಲಿ ಹಿಡಿಯುತ್ತಿದ್ದದ್ದು ನಾಲ್ಕೂವರೆ ನಿಮಿಷದಷ್ಟು. ಈ ಕನ್ಚೆರ್ಟೊ ಅರ್ಧ ಗಂಟೆಗೂ ಜಾಸ್ತಿ, ಅದೂ ಮೂರು ಭಾಗಗಳು ನಡುವೆ ಎಲ್ಲೂ ನಿಲ್ಲದೆ ಒಂದಕ್ಕೊಂದು ಸೇರಿಕೊಂಡೇ ಹೋಗುತ್ತವೆ. ಅಂದರೆ ತುಂಡು ತುಂಡಾಗಿ ನುಡಿಸಬೇಕು, ನಿಲ್ಲಿಸಬೇಕು, ಆಮೇಲೆ ಅದೇ ಕಾವಿನಲ್ಲಿ ಮುಂದಕ್ಕೆ ಹೋಗಬೇಕು. 67 ವರ್ಷದ, ಒಂದು ಸಲ ಹೃದಯ ಕೈಕೊಟ್ಟ ಮನುಷ್ಯ ಅವರು. ಕೇಳುವಾಗ ಇದ್ಯಾವುದೂ ಗೊತ್ತೇ ಆಗುವುದಿಲ್ಲ. ಲಯ ಗಟ್ಟಿ. ಎಲ್ಲೂ ಸುಮ್ನೆ ಅಬ್ಬರ ಇಲ್ಲ, ಅಳುಬುರುಕುತನ ಇಲ್ಲ. ಎಡಗೈಯ ಸಣ್ಣ ಸಣ್ಣ ಎಳೆಗಳು ಕೂಡ, ಸೂಜಿಯ ಕರಕರ ಸದ್ದಿನ ನಡುವೆ, ಬಿಡಿಬಿಡಿಯಾಗಿ ಕೇಳುತ್ತವೆ.

ಮೊದಲ ಭಾಗಕ್ಕೆ ಮೂಲ ರಷ್ಯನ್ ಕವಿ ಲೆರ್ಮೊಂತೊವ್ ಬರೆದ, ನದಿಯ ಜಲಕನ್ಯೆಯ ಪದ್ಯ. ಅದಕ್ಕೇ ಪಿಯಾನೊ ಅಷ್ಟು ಹೊತ್ತು ನೀರಿನ ಹಾಗೆ ಅಲುಗಾಡುತ್ತಲೇ ಇರುತ್ತದೆ ಅನ್ನಿಸಿತು. ಹೊಸಬರು ನುಡಿಸಿದ್ದು ಇನ್ನೂ ಸ್ವಚ್ಛವಾಗಿ ಕೇಳುತ್ತದೆ, ಒಪ್ಪುತ್ತೇನೆ, ಆದರೂ ಬರೆದವರ ಕೈಯೇ ಎಲ್ಲಿ ನಿಧಾನಿಸಬೇಕು, ಎಲ್ಲಿ ಬಿಡಬೇಕು ಅಂತ ತೋರಿಸುವುದು ಬೇರೆಯೇ, ಅಲ್ವಾ? ನನಗಂತೂ ಇದೇ ಬೇಕು.

ಮೆಟ್ನರ್ ತೀರಿಕೊಂಡದ್ದು 1951ರಲ್ಲಿ. ಇನ್ನು ನಾಲ್ಕೈದು ವರ್ಷ ತಡವಾಗಿದ್ದರೆ ಇದು ಇರುತ್ತಲೇ ಇರಲಿಲ್ಲ.

ನಾಳೆ ಅಮ್ಮನಿಗೆ ವೋಕಲೈಸ್ ಸೊನಾಟಾ ಹಾಕಬೇಕು. ಅದರಲ್ಲಿ ಮಾರ್ಗರೆಟ್ ರಿಚಿ ಹೆಚ್ಚಿನ ಭಾಗ ಸಾಹಿತ್ಯವೇ ಇಲ್ಲದೆ ಹಾಡುತ್ತಾರೆ, ಪಿಯಾನೊದಲ್ಲಿ ಮೆಟ್ನರ್. ದಿನಾ ಆಲಾಪನೆ ಮಾಡುವವರಿಗೆ ಅದು ಹೇಗೆ ಕೇಳಿಸುತ್ತದೋ ನೋಡಬೇಕು.