ಹಿಂದಕ್ಕೆ ಕಳಿಸಿದ ಆರು ಲೀಟರ್ ಹಾಲು

ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ಒಂದು ಹಾಲಿನ ಸೊಸೈಟಿಯಲ್ಲಿ ನಾನು ಸೆಕ್ರೆಟರಿ. 2020ರ ಏಪ್ರಿಲ್ 1ರ ಬೆಳಿಗ್ಗೆ ನಾನು ಮಾಡಿದ್ದು ಇವತ್ತಿಗೂ ಚುಚ್ಚುತ್ತದೆ.

ಮುನ್ನಾದಿನ ಸಂಜೆ ಹಾಲಿನ ಒಕ್ಕೂಟದಿಂದ ಫೋನ್ ಬಂತು: ನಾಳೆ ಹಾಲು ಒಯ್ಯುವ ರೂಟ್ ಲಾರಿ ಇಲ್ಲ, ಹಾಲು ತೆಗೆಯಬೇಡಿ. ಕಾರಣ ಇತ್ತು. ಹೋಟೆಲು, ಚಾದಂಗಡಿ ಮುಚ್ಚಿ ಹಾಲು ಮಿಕ್ಕಿತ್ತು. ಮಲಬಾರಿನಲ್ಲಿ, ಅಂದರೆ ನಮ್ಮ ಉತ್ತರ ಕೇರಳದಲ್ಲಿ, ಆಗ ಹಾಲಿನ ಪುಡಿಯ ಘಟಕವಿಲ್ಲ. ಹೆಚ್ಚಾದ ಹಾಲು ಪುಡಿಯಾಗಲು ತಮಿಳುನಾಡಿಗೆ ಹೋಗಬೇಕು, ಅಲ್ಲಿ ತೆಗೆದುಕೊಳ್ಳುವವರಿಲ್ಲ. ಆದರೆ ದನಕ್ಕೆ ಲಾಕ್‌ಡೌನ್ ಉಂಟಾ? ಒಂದು ಹೊತ್ತು ಕರೆಯದಿದ್ದರೆ ಕೆಚ್ಚಲು ಬಾತುಕೊಳ್ಳುತ್ತದೆ.

ರಾತ್ರಿಯೇ ಎಲ್ಲರಿಗೂ ಫೋನ್ ಮಾಡಿದೆ. ಗುಡ್ಡದಾಚೆಯ ಅಕ್ಕನೊಬ್ಬರಿಗೆ ರೇಂಜ್ ಸಿಗಲಿಲ್ಲ. ಬೆಳಿಗ್ಗೆ ಆರೂವರೆಗೆ ಅವರು ಕ್ಯಾನು ಹೊತ್ತು ಬಂದರು, ಆರು ಲೀಟರ್. "ಇವತ್ತು ಇಲ್ಲ ಅಕ್ಕ" ಎಂದೆ. ಅವರು ಕ್ಯಾನು ಕೆಳಗಿಟ್ಟು, "ಹಾಗಾದ್ರೆ ಎಂತ ಮಾಡುದು ಅಣ್ಣ?" ಎಂದರು. ನಾನು ರಿಜಿಸ್ಟರ್ ನೋಡುತ್ತಾ ಕೂತೆ. ಅವರು ಸುಮಾರು ಹತ್ತು ನಿಮಿಷ ಕಾದರು. ಆಮೇಲೆ ಮುಚ್ಚಳ ಒತ್ತಿ ಹೊರಟರು. ಅರ್ಧ ದಾರಿಯಲ್ಲಿ ತೆಂಗಿನ ಬುಡಕ್ಕೆ ಹೊಯ್ದರಂತೆ.

ಅವರು ಹೋದ ಮೇಲೆ ಬಿಎಂಸಿಯ, ಅಂದರೆ ಹಾಲು ತಣ್ಣಗಿಡುವ ಟ್ಯಾಂಕಿನ, ಅಳತೆ ಕಡ್ಡಿ ಅದ್ದಿ ನೋಡಿದೆ. 1000 ಲೀಟರಿನ ಟ್ಯಾಂಕಿನಲ್ಲಿ ಸಂಜೆಯ ಹಾಲು ಕಾಲು ಭಾಗವೂ ಇರಲಿಲ್ಲ. ನಾಲ್ಕು ಡಿಗ್ರಿಯಲ್ಲಿ ಬೆಳಗಿನ ಹಾಲೂ ಮಾರನೇ ದಿನದವರೆಗೆ ಧಾರಾಳ ನಿಲ್ಲುತ್ತಿತ್ತು. ಕೆಟ್ಟರೆ ನಷ್ಟ ನನ್ನ ತಲೆಗೆ ಬರುತ್ತದೆಂಬ ಹೆದರಿಕೆಯಲ್ಲಿ ಆ ಲೆಕ್ಕವನ್ನೇ ನಾನು ಮಾಡಿರಲಿಲ್ಲ.

ಅದೇ ದಿನ ಪೇಟೆಯಲ್ಲಿ ಟೊಮೆಟೊ ಇರಲಿಲ್ಲ. ಕರ್ನಾಟಕ ಗಡಿಯ ತಲಪಾಡಿ ಬಂದ್, ಒಳದಾರಿಗಳಿಗೆ ಮಣ್ಣು ಸುರಿದಿದ್ದರು. ಮಂಗಳೂರಿನಿಂದ ತರಕಾರಿಯೂ ಇಲ್ಲ, ಹಿಂಡಿ, ಬೈಹುಲ್ಲೂ ಇಲ್ಲ. ಆಸ್ಪತ್ರೆಗೆ ಹೋಗಬೇಕಾದ ರೋಗಿಗಳೇ ಗಡಿಯಲ್ಲಿ ಸಿಕ್ಕಿಬಿದ್ದಿದ್ದರು. ನಮ್ಮ ಊಟ ಬರುವುದೂ ಒಂದೇ ದಾರಿಯಲ್ಲಿ, ನಮ್ಮ ಹಾಲು ಹೋಗುವುದೂ ಒಂದೇ ದಾರಿಯಲ್ಲಿ ಎಂದು ಅಷ್ಟು ವರ್ಷ ಹಾಲಿನ ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಬರೆದ ನನಗೆ ಹೊಳೆದಿರಲಿಲ್ಲ.

ಸಂಜೆ ಹಾಲು ತೆಗೆದೆ, ಯಾರನ್ನೂ ಕೇಳಲಿಲ್ಲ. ಸುತ್ತಲಿನ ಮನೆಗಳಿಗೆ ಹುಡುಗರ ಕೈಯಲ್ಲಿ ಕಳಿಸಿದೆವು, ಉಳಿದದ್ದಕ್ಕೆ ಹೆಪ್ಪು ಹಾಕಿದೆವು. ಆ ಅಕ್ಕನ ಮನೆಗೆ ನಾನೇ ನಡೆದುಹೋಗಿ ಹೇಳಿದೆ.

ಯಾವ ಮನೆಗೆ ಎಷ್ಟು ಹಾಲು ಎಂಬ ಆ ಪಟ್ಟಿ ಈಗಲೂ ನನ್ನ ಮೇಜಿನ ಮೇಲಿದೆ, ವರ್ಷಕ್ಕೊಮ್ಮೆ ತಿದ್ದುತ್ತೇನೆ. ಬೆಣ್ಣೆ ತೆಗೆಯಲು ಒಂದು ಕ್ರೀಮ್ ಸೆಪರೇಟರ್ ಬೇಕೆಂದು ಮೂರು ಮಹಾಸಭೆಗಳಲ್ಲಿ ಕೇಳಿದೆ, ದುಡ್ಡಿಲ್ಲ ಎಂದರು. ಈ ಸಲವೂ ಕೇಳುತ್ತೇನೆ.