ತೋಳದ ತಲೆಯೊಳಗೆ ಒಂದು ಮಧ್ಯಾಹ್ನ

ಎರಡು ವರ್ಷಗಳಿಂದ ನಾನು ಬರೆಯುತ್ತಿದ್ದ ಪತ್ತೇದಾರಿ ಕಾದಂಬರಿಯ ಹಸ್ತಪ್ರತಿಯನ್ನು ಅಕ್ಕನ ಮಗಳಿಗೆ ಓದಲು ಕೊಟ್ಟದ್ದು ಒಂದು ಶನಿವಾರ ರಾತ್ರಿ. ಭಾನುವಾರ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅದು ಊಟದ ಮೇಜಿನ ಮೇಲೆ ಬಂದು ಕೂತಿತ್ತು. 94ನೆಯ ಪುಟದ ಅಂಚಿನಲ್ಲಿ ಪೆನ್ಸಿಲಿನ ಒಂದು ಗೆರೆ, ಅದರ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ. ಹದಿಮೂರು ವರ್ಷದ ಆ ಹುಡುಗಿ ಚೆನ್ನಾಗಿದೆ ಎಂದಾಗಲಿ, ಚೆನ್ನಾಗಿಲ್ಲ ಎಂದಾಗಲಿ ಹೇಳದೆ ಕೇಳಿದ್ದು ಇಷ್ಟೇ: “ಚಿಕ್ಕಮ್ಮ, ನೀನು ಯಾವತ್ತಾದರೂ ಅಂಥ ತಲೆ ಹಾಕಿಕೊಂಡು ಮೆಟ್ಟಿಲು ಹತ್ತಿದ್ದೀಯಾ?”

ಆ ಪುಟದಲ್ಲಿ ಏನಿತ್ತು ಎಂಬುದನ್ನು ಮೊದಲು ಹೇಳಬೇಕು. ನನ್ನ ಕಾದಂಬರಿಯ ನಗರ ಕಲ್ಪಿತವಾದದ್ದು. ಅಲ್ಲಿ ವರ್ಷಕ್ಕೊಮ್ಮೆ ಮೂರು ದಿನ ಮಕ್ಕಳ ಕಥೆಪುಸ್ತಕಗಳ ಹಬ್ಬ ನಡೆಯುತ್ತದೆ. ಬೀದಿಗಳೆಲ್ಲ ಕಥೆಗಳ ಹೆಸರು ಹೊತ್ತು ನಿಲ್ಲುತ್ತವೆ, ಮಾಟಗಾತಿಯರೂ ರಾಜಕುಮಾರರೂ ಮಾತನಾಡುವ ಪ್ರಾಣಿಗಳೂ ಮೆರವಣಿಗೆ ಹೊರಡುತ್ತಾರೆ. ಎರಡನೆಯ ದಿನ ಹಬ್ಬದ ಸಮಿತಿಯ ಖಜಾಂಚಿ ಗಡಿಯಾರ ಗೋಪುರದಿಂದ ಬಿದ್ದು ಸಾಯುತ್ತಾನೆ. ಎಲ್ಲರೂ ಅದನ್ನು ಅಪಘಾತವೆಂದೇ ತಿಳಿದಿರುವಾಗ ಒಬ್ಬ ನಿವೃತ್ತ ಗ್ರಂಥಪಾಲಕಿ ಮಾತ್ರ ಒಪ್ಪುವುದಿಲ್ಲ. ಕೊಲೆಗಾರ ತೋಳದ ವೇಷದಲ್ಲಿ ಮೆರವಣಿಗೆಯಿಂದ ನುಸುಳಿ, ಗೋಪುರದ ಸುರುಳಿ ಮೆಟ್ಟಿಲು ಹತ್ತಿ, ಕೆಲಸ ಮುಗಿಸಿ, ಐದೇ ನಿಮಿಷದಲ್ಲಿ ಮತ್ತೆ ಮೆರವಣಿಗೆ ಸೇರಿಕೊಳ್ಳುತ್ತಾನೆ ಎಂದು ನಾನು ಬರೆದಿದ್ದೆ.

ಇಂಥ ಹಬ್ಬವನ್ನು ಆರಿಸಿಕೊಂಡದ್ದಕ್ಕೆ ಕಾರಣವಿತ್ತು. ಬೇರೆ ಯಾವ ದಿನವಾದರೂ ಮುಖ ಮುಚ್ಚಿಕೊಂಡು ಓಡಾಡುವವನನ್ನು ಜನ ತಿರುಗಿ ನೋಡುತ್ತಾರೆ. ಹಬ್ಬದ ದಿನ ಮುಖ ತೋರಿಸಿಕೊಂಡು ಓಡಾಡುವವನೇ ಅಪರೂಪ. ಯಾವ ಹೊತ್ತಿಗೆ ಯಾರು ಎಲ್ಲಿರಬೇಕು ಎಂಬುದು ಕಾರ್ಯಕ್ರಮ ಪಟ್ಟಿಯಲ್ಲೇ ಅಚ್ಚಾಗಿರುತ್ತದೆ, ಆದ್ದರಿಂದ ಸುಳ್ಳು ಹೇಳುವವನಿಗೂ ಸುಳ್ಳು ಹಿಡಿಯುವವಳಿಗೂ ಅದು ಒಂದೇ ಆಧಾರ. ಪೊಲೀಸರಿಗಿರುವ ಅಧಿಕಾರವಾಗಲಿ ಪ್ರಯೋಗಾಲಯವಾಗಲಿ ಹವ್ಯಾಸಿ ಪತ್ತೇದಾರಳಿಗೆ ಇರುವುದಿಲ್ಲ. ಅವಳ ಕೈಯಲ್ಲಿರುವುದು ತನ್ನ ಕಸುಬಿನಿಂದ ಬಂದ ತಿಳಿವಳಿಕೆ ಮಾತ್ರ. ನನ್ನ ಗ್ರಂಥಪಾಲಕಿಗೆ ಕಥೆಗಳ ಪಾಠಾಂತರಗಳು ಗೊತ್ತು. ಮುಂದೆ ಕೆಲಸಕ್ಕೆ ಬಂದದ್ದೂ ಅದೇ, ಆದರೆ ಆ ಬೆಳಿಗ್ಗೆ ನನಗೆ ಅದು ಹೊಳೆದಿರಲಿಲ್ಲ.

ಹುಡುಗಿಯ ಪ್ರಶ್ನೆಗೆ ನನಗೆ ಸಿಟ್ಟು ಬಂತು. ಪ್ರಶ್ನೆ ಸರಿಯಾಗಿದ್ದರೆ ಬರುವಂಥ ಸಿಟ್ಟು ಅದು. ಮಕ್ಕಳ ನಾಟಕ ಆಡಿಸುವ ಗೆಳತಿಯೊಬ್ಬಳಿಗೆ ಫೋನ್ ಮಾಡಿದೆ. ಅವಳ ಬಳಿ ತೋಳವೇ ಇತ್ತು. ಮಧ್ಯಾಹ್ನದ ಹೊತ್ತಿಗೆ ಮನೆಗೆ ತಂದು ಇಳಿಸಿದಳು.

ಆ ತಲೆಯನ್ನು ಸ್ಪಂಜಿನ ಮೇಲೆ ಕೃತಕ ತುಪ್ಪಳ ಅಂಟಿಸಿ ಮಾಡಿದ್ದರು. ಒಳಗೆ ಹಳೆಯ ಹೆಲ್ಮೆಟ್ಟಿನ ಪಟ್ಟಿ, ಅದರಲ್ಲಿ ಹಿಂದೆ ತೊಟ್ಟವರೆಲ್ಲರ ಬೆವರಿನ ವಾಸನೆ. ಹೊರಗಿನಿಂದ ಹೊಳೆಯುವ ಹಳದಿ ಕಣ್ಣುಗಳಿಂದ ಏನೂ ಕಾಣುವುದಿಲ್ಲ ಎಂಬುದು ಮೊದಲ ಆಶ್ಚರ್ಯ. ನೋಡಬೇಕಾದದ್ದು ಬಾಯಿಯ ಮೂಲಕ, ಹಲ್ಲುಗಳ ಹಿಂದೆ ಕಟ್ಟಿದ ಕಪ್ಪು ಜಾಲರಿಯ ಮೂಲಕ. ಎದುರಿಗಿದ್ದ ಗೋಡೆಯ ಒಂದು ಪಟ್ಟಿ ಕಾಣುತ್ತಿತ್ತು, ಎಡಬಲ ಕತ್ತಲು, ಕೆಳಗೆ ನನ್ನ ಪಾದಗಳ ಬದಲು ತೋಳದ ಮೂತಿ. ಉಸಿರು ಒಳಗೇ ತಿರುಗಿ ಕೆನ್ನೆಗೆ ಬಡಿಯುತ್ತಿತ್ತು. ಹುಡುಗಿ ಏನೋ ಹೇಳಿದಳು, ಅದು ಪಕ್ಕದ ಕೋಣೆಯಲ್ಲಿ ಯಾರೋ ಗೊಣಗಿದ ಹಾಗೆ ಕೇಳಿಸಿತು.

ನಮ್ಮ ಮನೆಯ ಮೆಟ್ಟಿಲು ಹದಿನೆಂಟು, ಅದೂ ನೇರವಾದವು. ಹುಡುಗಿ ಕೈಯಲ್ಲಿ ಗಡಿಯಾರ ಹಿಡಿದು ಮೇಲೆ ನಿಂತಳು. ಒಂದೊಂದು ಮೆಟ್ಟಿಲನ್ನೂ ಕಾಲಿನಿಂದ ತಡಕಿ, ಕೈಪಿಡಿಯನ್ನು ತಬ್ಬಿಕೊಂಡು ಹತ್ತುವಾಗ ಏಳನೆಯದರಲ್ಲಿ ಎಡವಿದೆ, ಹದಿಮೂರನೆಯದರಲ್ಲಿ ಕಿವಿ ಗೋಡೆಗೆ ಸಿಕ್ಕಿ ತಲೆ ಪಕ್ಕಕ್ಕೆ ತಿರುಗಿ ಜಗತ್ತೇ ಕಾಣದಾಯಿತು. ಹತ್ತಲು ಹಿಡಿದದ್ದು ಮೂರು ನಿಮಿಷಕ್ಕೂ ಹೆಚ್ಚು. ಇಳಿಯುವ ಧೈರ್ಯವಾಗದೆ ಕೂತುಬಿಟ್ಟೆ. ಅಕ್ಕ ಅಡುಗೆಮನೆಯಿಂದ ಬಂದು ನೋಡಿ, ಒಂದು ಮಾತೂ ಆಡದೆ ವಾಪಸು ಹೋದಳು. ತಲೆ ತೆಗೆದು ಕಂಕುಳಲ್ಲಿಟ್ಟುಕೊಂಡು ಹತ್ತಬಹುದಲ್ಲ ಎಂದು ನಾನು ವಾದಿಸಿದೆ. ಹಾಗಾದರೆ ಮುಖ ಕಾಣುತ್ತದಲ್ಲ, ವೇಷ ಯಾಕೆ ಬೇಕಿತ್ತು ಎಂದಳು ಹುಡುಗಿ. ಎರಡು ವರ್ಷದ ಕಥೆ ಹದಿನೆಂಟು ಮೆಟ್ಟಿಲಲ್ಲಿ ಕುಸಿದಿತ್ತು.

ಕೆಳಗೆ ಇಳಿಯಲು ಅವಳೇ ಕೈ ಹಿಡಿಯಬೇಕಾಯಿತು. ಅರ್ಧ ದಾರಿಯಲ್ಲಿ ನನಗೆ ಹೊಳೆದದ್ದು ಆ ಕೈಯಿಂದಲೇ. ಇಂಥ ವೇಷ ತೊಟ್ಟವನು ಜನಸಂದಣಿಯಲ್ಲಿ ಒಬ್ಬನೇ ನಡೆಯಲಾರ. ಪಕ್ಕದಲ್ಲಿ ಸಾದಾ ಬಟ್ಟೆಯ ಒಬ್ಬ ಸಹಾಯಕ ಇರಲೇಬೇಕು. ಮಕ್ಕಳೆಲ್ಲ ತೋಳವನ್ನು ನೋಡುತ್ತಾರೆ, ಕೈ ಹಿಡಿದವನ ಮುಖ ಯಾರ ನೆನಪಿನಲ್ಲೂ ಉಳಿಯುವುದಿಲ್ಲ. ಅವನು ಹತ್ತು ನಿಮಿಷ ಕೈ ಬಿಟ್ಟು ಹೋದರೆ ತೋಳ ನಿಂತಲ್ಲೇ ನಿಂತಿರುತ್ತದೆ; ಪಕ್ಕದಲ್ಲಿ ಯಾರಿದ್ದರು, ಯಾರಿರಲಿಲ್ಲ ಎಂದು ಹೇಳಲು ಒಳಗಿದ್ದವನಿಗೆ ಸಾಧ್ಯವಿಲ್ಲ. ಮುಖವಾಡವಿಲ್ಲದವನೇ ಕೊಲೆಗಾರ.

ಈ ಸಹಾಯಕನಿಗೆ ತಾನು ಬೇರೆಡೆ ಇದ್ದೆನೆಂಬ ಸಾಕ್ಷ್ಯ ಬೇಕಿತ್ತು. ಕೆಂಪು ಟೋಪಿಯ ಹುಡುಗಿಯ ಕಥೆಗೆ ಎರಡು ಪ್ರಸಿದ್ಧ ರೂಪಗಳಿವೆ. ಫ್ರಾನ್ಸಿನ ಷಾರ್ಲ್ ಪೆರೋ 1697ರಲ್ಲಿ ಪ್ರಕಟಿಸಿದ ರೂಪದಲ್ಲಿ ತೋಳ ಅಜ್ಜಿಯನ್ನೂ ಹುಡುಗಿಯನ್ನೂ ತಿಂದು ಮುಗಿಸುತ್ತದೆ, ಕಥೆ ಅಲ್ಲಿಗೆ ನಿಲ್ಲುತ್ತದೆ. ಬೇಟೆಗಾರ ಬಂದು ತೋಳದ ಹೊಟ್ಟೆ ಸೀಳಿ ಇಬ್ಬರನ್ನೂ ಬದುಕಿಸುವುದು 1812ರಲ್ಲಿ ಜರ್ಮನಿಯ ಗ್ರಿಮ್ ಸಹೋದರರು ಅಚ್ಚು ಹಾಕಿಸಿದ ರೂಪದಲ್ಲಿ. ಕೊಲೆ ನಡೆದ ಹೊತ್ತಿನಲ್ಲಿ ತಾನು ಹಬ್ಬದಲ್ಲಿ ಆಡಿದ ಈ ಕಥೆಯ ನಾಟಕ ನೋಡುತ್ತಿದ್ದೆ, ಬೇಟೆಗಾರ ಬಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು ಎಂದು ನನ್ನ ಸಹಾಯಕ ಹೇಳುತ್ತಾನೆ. ಆ ದಿನ ಆಡಿದ್ದು ಪೆರೋನ ರೂಪ ಎಂಬುದು ಗ್ರಂಥಪಾಲಕಿಗೆ ಗೊತ್ತು.

ನಾನು ಗೆದ್ದವಳಂತೆ ಇದನ್ನು ವಿವರಿಸಿದಾಗ ಹುಡುಗಿ, “ಬೇಟೆಗಾರ ಇಲ್ಲದ ಕಥೆಯೂ ಇದೆ ಅಂತ ನನಗೇ ಗೊತ್ತಿರಲಿಲ್ಲ. ಓದುವವರಿಗೆ ಹೇಗೆ ಗೊತ್ತಾಗಬೇಕು?” ಎಂದಳು. ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ, ತಾನೂ ಪತ್ತೇದಾರಿ ಕಥೆಗಳನ್ನು ಬರೆದವನು, 1929ರಲ್ಲಿ ಈ ಬರವಣಿಗೆಗೆ ಹತ್ತು ನಿಯಮಗಳನ್ನು ಹಾಕಿಕೊಟ್ಟಿದ್ದ; ಪತ್ತೇದಾರನ ಕಣ್ಣಿಗೆ ಬಿದ್ದ ಸುಳಿವನ್ನು ಆಗಿಂದಾಗಲೇ ಓದುಗನ ಮುಂದೆಯೂ ಇಡಬೇಕೆಂಬುದು ಅವುಗಳಲ್ಲೊಂದು. ಚೀನೀಯರು ಕಥೆಯಲ್ಲಿ ಬರಬಾರದೆಂಬ ನಿಯಮವೂ ಅದೇ ಪಟ್ಟಿಯಲ್ಲಿದೆ, ಹಾಗಾಗಿ ಹತ್ತನ್ನೂ ಕಣ್ಣಿಗೊತ್ತಿಕೊಳ್ಳಬೇಕಾಗಿಲ್ಲ. ಆದರೆ ಸುಳಿವಿನ ಮಾತು ನ್ಯಾಯವಾದದ್ದು. ಪುಸ್ತಕದ ಹೊರಗಿನ ಪಾಂಡಿತ್ಯದಿಂದ ಕೊಲೆಗಾರನನ್ನು ಹಿಡಿದರೆ ಓದುಗನಿಗೆ ಮೋಸ ಮಾಡಿದ ಹಾಗೆಯೇ. ಕಾರ್ಯಕ್ರಮ ಪಟ್ಟಿಯಲ್ಲಿ ಪೆರೋನ ಹೆಸರು ಸೇರಿಸಿದರೂ ಸಾಲದು, ಬೇಟೆಗಾರ ಬರಲಿಲ್ಲವೆಂದು ನೇರವಾಗಿ ಬರೆದರೆ ಗುಟ್ಟು ರಟ್ಟಾಗುತ್ತದೆ.

ಆ ರಾತ್ರಿ ಮೂರನೆಯ ಅಧ್ಯಾಯಕ್ಕೆ ಆರು ಸಾಲು ಸೇರಿಸಿದೆ. ನಾಟಕ ಬಿಟ್ಟು ಜನ ಹೊರಬರುವಾಗ ಪುಟ್ಟ ಹುಡುಗನೊಬ್ಬ ತಾಯಿಯ ಸೆರಗು ಹಿಡಿದು, ಅಜ್ಜಿ ವಾಪಸು ಬರಲೇ ಇಲ್ಲ ಎಂದು ಬಿಕ್ಕಿ ಬಿಕ್ಕಿ ಅಳುತ್ತಾನೆ. ತಾಯಿ ಅವನನ್ನು ಎತ್ತಿಕೊಂಡು ಬಲೂನು ಕೊಡಿಸಲು ಹೋಗುತ್ತಾಳೆ.

ಕಥೆಯ ಒಂದಕ್ಷರವನ್ನೂ ಓದಿರದ ಅಕ್ಕನಿಗೆ ಆ ಅಧ್ಯಾಯ ಕೊಟ್ಟು, ಎದುರಿಗೆ ನಾವಿಬ್ಬರೂ ಬೇರೆ ಪುಸ್ತಕ ಹಿಡಿದು ಕುಳಿತೆವು. ಅಕ್ಕ ಆ ಸಾಲುಗಳ ಹತ್ತಿರ ಬಂದು “ಅಯ್ಯೋ ಪಾಪ” ಎಂದು ಪುಟ ತಿರುವಿದಳು. ಹುಡುಗಿ ಪುಸ್ತಕವನ್ನು ಮೂಗಿನ ತನಕ ಎತ್ತಿಕೊಂಡು ನನ್ನನ್ನು ನೋಡಿದಳು.