ಇಲ್ಲದ ಗುಂಬಜ್ ಮತ್ತೆ ಭಾವನ ಮಾತು

"ಇದು ಮೋಸ ಕಣೋ" ಅಂದ್ಬಿಟ್ರು ಭಾವ, ಮೊನ್ನೆ ರೋಮಿನ ಸಾಂತ್ ಇನ್ಯಾತ್ಸಿಯೊ ಚರ್ಚಲ್ಲಿ. ಆ ಮಾತು ಇನ್ನೂ ತಲೆಯಿಂದ ಹೋಗಿಲ್ಲ.

ಒಳಗೆ ಕಾಲಿಟ್ಟಾಗ ದೂರದಲ್ಲಿ ದೊಡ್ಡ ಗುಂಬಜ್ ಕಾಣತ್ತೆ, ಸಾಲು ಕಂಬ, ಕಿಟಕಿ, ನೆರಳು ಎಲ್ಲಾ ಇದೆ, ನಡೀತಾ ಹೋದ್ರೆ ಅದು ಒಂದು ಕಡೆ ವಾಲೋಕೆ ಶುರು ಮಾಡತ್ತೆ, ಸರಿಯಾಗಿ ಕೆಳಗೆ ಬಂದ್ರೆ ಗುಂಬಜೇ ಇಲ್ಲ, ಚಪ್ಪಟೆ ಕ್ಯಾನ್ವಾಸು! ಸುಮಾರು 17 ಮೀಟರ್ ಅಗಲ. ಪ್ಲ್ಯಾನಲ್ಲಿದ್ದ ಗುಂಬಜ್ ಕಟ್ಟೋಕಾಗದೆ ಉಳಿದ ಜಾಗಕ್ಕೆ 1685ರಲ್ಲಿ ಚಿತ್ರಕಾರ ಆಂದ್ರೆಯಾ ಪೊತ್ಸೊ ಹುಡುಕಿದ ಉಪಾಯ. ಭಾವ ಸಿವಿಲ್ ಇಂಜಿನಿಯರು, ತುಂಬಾ ಒಳ್ಳೇ ಮನುಷ್ಯ, ಆದ್ರೆ ಲೋಡ್ ಹೊರದೇ ಇರೋದು ಅವರ ಲೆಕ್ಕದಲ್ಲಿ ಕಟ್ಟಡಾನೇ ಅಲ್ಲ.

ಮೋಸ ಮಾಡೋನು ಎಲ್ಲಿ ನಿಂತು ನೋಡ್ಬೇಕು ಅಂತ ಗುರುತು ಹಾಕಿ ಕೊಡ್ತಾನಾ? ನೆಲದಲ್ಲಿ ಅಮೃತಶಿಲೆ ಬಿಲ್ಲೆ ಕೂರಿಸಿದಾರೆ. ಹಜಾರದ ಚಾವಣಿಗೂ ಪೊತ್ಸೊನೇ ಚಿತ್ರ ಬರೆದಿದಾನೆ, ಅಲ್ಲಿನ ಬಿಲ್ಲೆ ಮೇಲೆ ನಿಂತು ತಲೆ ಎತ್ತಿದ್ರೆ ನಿಜವಾದ ಗೋಡೆ ಎಲ್ಲಿ ಮುಗೀತು, ಬಣ್ಣದ ಕಂಬ ಎಲ್ಲಿ ಶುರುವಾಯ್ತು ಗೊತ್ತೇ ಆಗಲ್ಲ, ಸ್ವಲ್ಪ ಪಕ್ಕಕ್ಕೆ ಸರಿದ್ರೆ ಅವೇ ಕಂಬ ಮೈಮೇಲೆ ಬೀಳೋ ಹಾಗೆ ವಾಲ್ತವೆ. ಎರಡನ್ನೂ ನೋಡೋ ಸ್ವಾತಂತ್ರ್ಯ ನಮಗೇ ಬಿಟ್ಟಿದಾನೆ ಪುಣ್ಯಾತ್ಮ. ಚಾವಣಿ ನೋಡೋಕೆ ಅಂತ ಇಟ್ಟಿರೋ ಕನ್ನಡಿ ಮುಂದೆ ಕ್ಯೂ ನಿಂತು ಸೆಲ್ಫಿ ತಗೊಂಡು, ಬಿಲ್ಲೆ ತುಳಿಯದೇ ಹೊರಟು ಹೋಗ್ತಿದ್ದೋರನ್ನ ಕಂಡು ನಿಜಕ್ಕೂ ಬೇಜಾರಾಯ್ತು.

ಅಲ್ಲಿಂದ ನಡೆದು ಹೋಗೋ ದೂರದಲ್ಲೇ ಜೆಸು ಚರ್ಚು. ಅಲ್ಲಿ ಗೌಲ್ಲಿ 1670ರ ದಶಕದಲ್ಲಿ ಬರೆದ ಚಾವಣಿ ಚಿತ್ರ ಚೌಕಟ್ಟಿನೊಳಗೆ ನಿಲ್ಲಲ್ಲ, ಮೋಡ, ಮನುಷ್ಯರು ಎಲ್ಲಾ ಅಂಚು ದಾಟಿ ಹೊರಗೆ ಸುರೀತಾರೆ, ಆ ಮೋಡದ ನೆರಳು ಪಕ್ಕದ ಚಿನ್ನದ ಕೆತ್ತನೆ ಮೇಲೆ ಬಿದ್ದಿದೆ. ಆ ನೆರಳೂ ಬಣ್ಣಾನೇ! ಸುತ್ತ ರಾಜ್ಜಿ ಮಾಡಿದ ಬಿಳೀ ಗಾರೆ ಮೂರ್ತಿಗಳು. ಗಾರೆಯವರು, ಬಣ್ಣದವರು, ಚಿನ್ನದ ರೇಕು ಹಚ್ಚೋರು, ಇವರಲ್ಲಿ ಯಾರ ಕೆಲಸ ತೆಗೆದ್ರೂ ಉಳಿದದ್ದು ನಿಲ್ಲಲ್ಲ. ಹಂಗಾದ್ರೆ ಇಲ್ಲಿ ಲೋಡ್ ಹೊತ್ತಿರೋದು ಯಾರು ಅಂತ ಭಾವನ್ನ ಕೇಳ್ದೆ. "ಅದೆಲ್ಲ ಡೆಕೊರೇಶನ್ನು ಕಣೋ" ಅಂದ್ರು.

ಭಾವನ್ನೊಬ್ರನ್ನೇ ಅಂದು ಏನು ಬಂತು, ಪುಸ್ತಕದೋರೂ ಇದನ್ನೇ ಮಾಡೋದು. ಇದೇ ರೋಮಲ್ಲಿ ಶಿಲ್ಪಿ ಬರ್ನಿನಿ ಮಾಡಿದ ಸಂತ ತೆರೇಸಾ ಫೋಟೋ ಹಾಕ್ತಾರೆ, ಬರೀ ಮೂರ್ತಿ. ಅವನು 1647ರಿಂದ 1652ರವರೆಗೆ ಕೂತು ಮಾಡಿದ್ದು ಇಡೀ ಚಾಪೆಲ್ಲು, ಅಂದ್ರೆ ಚರ್ಚೊಳಗಿನ ಸಣ್ಣ ಪ್ರಾರ್ಥನಾ ಮಂದಿರ ಕಣ್ರಿ! ಎರಡೂ ಪಕ್ಕ ನಾಟಕದ ಬಾಕ್ಸಲ್ಲಿ ಕೂತ ಹಾಗೆ ಅದನ್ನ ಮಾಡಿಸಿದ ಕೊರ್ನಾರೊ ಮನೆತನದೋರ ಮೂರ್ತಿ, ಮೇಲೆ ಬಣ್ಣದ ಸ್ವರ್ಗ, ನಮಗೆ ಕಾಣದ ಹಾಗೆ ಮರೆಮಾಡಿದ ಕಿಟಕಿಯಿಂದ ಚಿನ್ನದ ಕಿರಣಗಳ ಮೇಲೆ ಇಳಿಯೋ ನಿಜವಾದ ಬಿಸಿಲು. ಇದನ್ನೆಲ್ಲ ಕತ್ತರಿಸಿ ಬಿಸಾಕಿ ಕೆಳಗೆ "ಶಿಲ್ಪ" ಅಂತ ಬರೀತಾರೆ.